ಜೆಟ್ ಬದಲಿಸಿದರೆ ಟ್ಯೂನಿಂಗ್, ಚಿಪ್ ಬದಲಿಸಿದರೆ ಅಪರಾಧವೇ?

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಮೈಸೂರು ಪುಟದಲ್ಲಿ ಮಾಡಿಫೈ ಮಾಡಿದ ವಾಹನಗಳ ಬಗ್ಗೆ ವರದಿ ಬಂದಿತ್ತು. ಕರ್ಕಶ ಸೈಲೆನ್ಸರ್ ಹಾಕಿಸಿದವರು, ನಂಬರ್ ಪ್ಲೇಟ್ ಮಡಚಿದವರು, ಎದುರಿಗೆ ಬರುವವರ ಕಣ್ಣು ಕುಕ್ಕುವ ಎಲ್‌ಇಡಿ ಕಟ್ಟಿದವರು ಎಲ್ಲರಿಗೂ ಚೆನ್ನಾಗಿ ಬಿಸಿ ಮುಟ್ಟಿಸಿದ್ದೀರಿ. ಸಂತೋಷ. ನಮ್ಮ ಬೀದಿಯಲ್ಲಿ ರಾತ್ರಿ ಹನ್ನೊಂದಕ್ಕೆ ಒಂದು ಬೈಕ್ ಹೋಗುತ್ತದೆ, ಮಲಗಿದ್ದ ಮಗು ಬೆಚ್ಚಿ ಅಳುತ್ತದೆ. ಆ ವಿಷಯದಲ್ಲಿ ನಾನು ಪೂರ್ತಿ ನಿಮ್ಮ ಪರ. ಆದರೆ ಅದೇ ಸಾಲಿನ ಕೊನೆಯಲ್ಲಿ "ಎಂಜಿನ್ ಕಂಪ್ಯೂಟರ್ ತಿದ್ದುವವರು" ಅಂತಲೂ ಸೇರಿಸಿಬಿಟ್ಟಿದ್ದೀರಿ. ಓದಿ ಕಾಫಿ ಲೋಟ ಕೆಳಗಿಟ್ಟೆ. ಯಾಕೆಂದರೆ ಎಂಜಿನ್ ಕಂಪ್ಯೂಟರ್ ತಿದ್ದುವವಳು ನಾನೇ.

ಸರಸ್ವತಿಪುರಂನ ಒಂದು ಅಡ್ಡರಸ್ತೆಯಲ್ಲಿ, ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. 1991ರಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದೆ. ಮೊದಲು ಟಿವಿ ರಿಪೇರಿ. ದೊಡ್ಡ ಹೊಟ್ಟೆಯ ಟಿವಿಗಳ ಕಾಲ ಮುಗಿದ ಮೇಲೆ ಯುಪಿಎಸ್, ವಾಷಿಂಗ್ ಮಷಿನ್ ಬೋರ್ಡು. ಕಾರಿನ ಕಂಪ್ಯೂಟರ್ ಪೆಟ್ಟಿಗೆಗೆ ಕೈ ಹಾಕಿ ಹತ್ತಿರ ಹತ್ತಿರ ಹದಿನೆಂಟು ವರ್ಷ ಆಯಿತು. ಈಗಲೂ ಹೊಸದಾಗಿ ಬಂದವರು ಬಾಗಿಲಲ್ಲಿ ನಿಂತು, "ಮೇಡಂ, ಯಜಮಾನ್ರು ಇದ್ದಾರಾ?" ಅಂತಾರೆ. "ಇದ್ದಾರೆ, ಬ್ಯಾಂಕಿಗೆ ಹೋಗಿದ್ದಾರೆ, ಪೆಟ್ಟಿಗೆ ಇಲ್ಲಿ ಕೊಡಿ" ಅಂತೀನಿ.

ನಮ್ಮ ಕಡೆ ಹಳೇ ಸ್ಪೋರ್ಟ್ಸ್ ಕಾರು ಅಂದರೆ ಜಾಸ್ತಿ ಹಳೇ ಹೋಂಡಾ ಸಿಟಿ ವಿಟೆಕ್, ಫಿಯಾಟ್ ಪಾಲಿಯೋ 1.6, ಮಿತ್ಸುಬಿಷಿ ಲ್ಯಾನ್ಸರ್. ಅಸಲಿ ಸ್ಪೋರ್ಟ್ಸ್ ಕಾರು ಯಾವಾಗಲೋ ಒಂದು, ಕೊಡಗಿನಿಂದಲೋ ಬೆಂಗಳೂರಿನಿಂದಲೋ. ಎಲ್ಲದರಲ್ಲೂ ಇಸಿಯು ಅನ್ನುವ ಒಂದು ಪೆಟ್ಟಿಗೆ ಇರುತ್ತದೆ, ಅದೇ ಎಂಜಿನ್ ಕಂಪ್ಯೂಟರ್. ಊಟದ ಡಬ್ಬಿಯಷ್ಟು ಗಾತ್ರ. ಎಷ್ಟು ಪೆಟ್ರೋಲ್ ಚಿಮ್ಮಿಸಬೇಕು, ಕಿಡಿ ಯಾವ ಕ್ಷಣಕ್ಕೆ ಹಾರಬೇಕು ಅಂತ ಲೆಕ್ಕ ಹಾಕುವುದು ಅದರ ಕೆಲಸ. ಎರಡೂ ಲೆಕ್ಕ ಒಂದೇ ಪೆಟ್ಟಿಗೆಗೆ ಬಂದದ್ದು 1979ರಲ್ಲಿ, ಬಿಎಂಡಬ್ಲ್ಯು 732ಐ ಕಾರಿನಲ್ಲಿ. ಬಾಷ್ ಕಂಪನಿಯ ಮೋಟ್ರಾನಿಕ್ ಅದು. ಅಂದರೆ ಈ ಜಾತಿಯ ಕಂಪ್ಯೂಟರಿಗೆ ಈಗ ನಲವತ್ತೈದು ದಾಟಿದೆ. ವಯಸ್ಸಾದ ಮೇಲೆ ಕಾಯಿಲೆ ಬರದೆ ಇರುತ್ತದೆಯೇ?

ಒಂದು ಕಾಯಿಲೆ ಹೇಳುತ್ತೇನೆ. ಕೊಡಗಿನ ಪ್ಲಾಂಟರ್ ಒಬ್ಬರ ಹತ್ತಿರ 1990ರ ಜಪಾನಿ ಕಾರಿದೆ. ಎರಡೇ ಸೀಟು, ಮೇಲೆ ಮಡಚುವ ಬಟ್ಟೆಯ ಟಾಪು. ಇಂಗ್ಲೆಂಡಿನಲ್ಲಿದ್ದ ಅವರ ಅಣ್ಣ ಊರಿಗೆ ವಾಪಸ್ ಬರುವಾಗ ತಂದದ್ದು. ಹೋದ ಮಳೆಗಾಲದಲ್ಲಿ ಅದಕ್ಕೆ ವಿಚಿತ್ರ ಚಾಳಿ ಶುರುವಾಯಿತು. ಬೆಳಗ್ಗೆ ಸ್ಟಾರ್ಟ್ ಆಗಲ್ಲ. ಮಧ್ಯಾಹ್ನ ಸ್ವಲ್ಪ ಬಿಸಿಲು ಬಿದ್ದರೆ ಏನೂ ಆಗಿಲ್ಲವೆಂಬಂತೆ ಎದ್ದುಬಿಡುತ್ತದೆ. ಒಂದು ವರ್ಕ್‌ಶಾಪಿನಲ್ಲಿ ಪ್ಲಗ್ ಬದಲಿಸಿದರು, ಕಾಯಿಲ್ ಬದಲಿಸಿದರು, ಪೆಟ್ರೋಲ್ ಪಂಪನ್ನೂ ಬದಲಿಸಿದರು. ಮೂವತ್ತೆಂಟು ಸಾವಿರ ಖರ್ಚಾದ ಮೇಲೆ, "ಕಂಪ್ಯೂಟರೇ ಹೋಗಿದೆ ಸಾರ್, ಫಾರಿನ್ನಿಂದ ತರಿಸಬೇಕು, ಒಂದೂವರೆ ಲಕ್ಷ ಆಗುತ್ತೆ, ಸಿಗುತ್ತೆ ಅಂತ ಗ್ಯಾರಂಟಿ ಇಲ್ಲ" ಅಂದರು. ಯಾರೂ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿರಲಿಲ್ಲ. ತೆಗೆಯಲು ಬೇಕಾದದ್ದು ಒಂದು ಸ್ಕ್ರೂ ಡ್ರೈವರ್.

ಇನ್ನೂ ಒಂದು ಗುರುತು ಇತ್ತು. ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಹತ್ತಬೇಕು. ಹತ್ತಲಿಲ್ಲ ಅಂದರೆ ಬಲ್ಬು ಹೋಗಿರಬೇಕು, ಇಲ್ಲವೇ ಪೆಟ್ಟಿಗೆ ಎಚ್ಚರವೇ ಆಗಿಲ್ಲ. ಆ ದೀಪವನ್ನು ಆಫ್ ಮಾಡಿಸಲು ಎಲ್ಲರೂ ಓಡಾಡುತ್ತಾರೆ. ಹತ್ತದೇ ಇದ್ದಾಗ ಯಾರೂ ಕೇಳುವುದಿಲ್ಲ.

ಮುಚ್ಚಳ ತೆಗೆದು ಬೋರ್ಡಿಗೆ ಕಾಯಿಸಿದ ಕಬ್ಬಿಣ ಮುಟ್ಟಿಸಿದೆ. ಹಸಿ ಮೀನಿನ ವಾಸನೆ ಎದ್ದಿತು. ನಮ್ಮ ಮನೆಯಲ್ಲಿ ಮೀನು ಮಾಡುವುದಿಲ್ಲ. ಅಡುಗೆ ಮನೆಯಿಂದಲೇ ನಮ್ಮತ್ತೆ, "ಏನೇ ಅದು?" ಅಂದರು. "ಕೆಪಾಸಿಟರ್, ಅತ್ತೆ" ಅಂದೆ. ಆ ವಾಸನೆ ಬಂದರೆ ನನಗೆ ಅರ್ಧ ಕೆಲಸ ಮುಗಿದ ಹಾಗೆ.

ಕೆಪಾಸಿಟರ್ ಅಂದರೆ ಬೆರಳಿನ ಉಗುರಿನಷ್ಟು ದೊಡ್ಡ ಡ್ರಮ್ಮು. ಕರೆಂಟಿನ ಏರಿಳಿತ ನುಂಗಿ ಸಮ ಮಾಡುತ್ತದೆ. ಒಳಗೆ ಒಂದು ದ್ರವ ಇರುತ್ತದೆ, ತಳದಲ್ಲಿ ರಬ್ಬರಿನ ಬಿರಡೆ. 1980ರ ದಶಕದ ಕೊನೆ, 90ರ ದಶಕದ ಶುರುವಿನಲ್ಲಿ ಬಂದ ಬಹಳಷ್ಟು ಕೆಪಾಸಿಟರುಗಳಲ್ಲಿ ಆ ದ್ರವ ನಿಧಾನವಾಗಿ ಬಿರಡೆ ದಾಟಿ ಹೊರಗೆ ಬರುತ್ತದೆ. ಬಂದು ಸುಮ್ನೆ ಕೂರುವುದಿಲ್ಲ, ಬೋರ್ಡಿನ ಮೇಲಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಆ ಕಾಲದ ಟಿವಿ, ಕ್ಯಾಮ್‌ಕಾರ್ಡರುಗಳಲ್ಲೂ ಇದೇ ಕಥೆ, ನಾನು ಕಣ್ಣಾರೆ ಕಂಡಿದ್ದೇನೆ. ತಣ್ಣಗಿದ್ದಾಗ ಒಣಗಿದ ಕೆಪಾಸಿಟರ್ ಇನ್ನೂ ಸೋಮಾರಿ. ಬಿಸಿಯಾದರೆ ಸ್ವಲ್ಪ ಕೆಲಸ ಮಾಡುತ್ತದೆ. ಪ್ಲಾಂಟರ್ ಕಾರು ಮಧ್ಯಾಹ್ನ ಏಳುತ್ತಿದ್ದದ್ದು ಅದಕ್ಕೇ. ಮಡಿಕೇರಿಯ ಬೆಳಗಿನ ಚಳಿಗೆ ನಮಗೇ ಏಳಲು ಆಗಲ್ಲ, ಅದಕ್ಕೆ ಆಗುತ್ತಾ?

ಮೂರು ಕೆಪಾಸಿಟರ್ ಸೋರಿದ್ದವು. ಕೆಳಗೆ ಹಿತ್ತಾಳೆ ಪಾತ್ರೆಗೆ ಕಿಲುಬು ಹಿಡಿದ ಹಾಗೆ ಹಸಿರು. ಒಂದು ಗೆರೆ ಪೂರ್ತಿ ತಿಂದುಹೋಗಿತ್ತು, ಇನ್ನೊಂದು ಭೂತಗನ್ನಡಿಯಲ್ಲಿ ನೋಡಿದರೆ ಒಂದು ನೂಲಿನಷ್ಟು ಉಳಿದಿತ್ತು. ಕೆಪಾಸಿಟರ್ ಕಿತ್ತೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದೆ. ಹಸಿರೆಲ್ಲ ಕೆರೆದು, ತಾಮ್ರ ಹೊಳೆಯುವವರೆಗೆ ಬಿಡಲಿಲ್ಲ. ಹೋದ ಗೆರೆಯ ಜಾಗಕ್ಕೆ ಕೂದಲಿನಂಥ ತಂತಿ ಬೆಸೆದೆ. 105 ಡಿಗ್ರಿ ತಡೆಯುವ ಹೊಸ ಕೆಪಾಸಿಟರ್ ಹಾಕಿದೆ. ಸಾಮಾನಿನ ಖರ್ಚು ಇನ್ನೂರು ರೂಪಾಯಿ ದಾಟಲಿಲ್ಲ. ಕೆಲಸ ಎರಡು ಸಂಜೆ ಹಿಡಿಯಿತು.

ಆಮೇಲೆ ನೇರ ಕಾರಿಗೆ ಹಾಕುವುದಿಲ್ಲ. ಟೇಬಲ್ ಮೇಲೆ 12 ವೋಲ್ಟ್ ಕೊಟ್ಟು, ಎಂಜಿನ್ ತಿರುಗುತ್ತಿದೆ ಅಂತ ಅದಕ್ಕೆ ಸುಳ್ಳು ಸಿಗ್ನಲ್ ಕೊಡುತ್ತೇನೆ. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ಜಾಗದಲ್ಲಿ ಪುಟ್ಟ ಎಲ್‌ಇಡಿ ಕಟ್ಟಿರುತ್ತೇನೆ. ಅವು ಮಿಣಮಿಣ ಅಂದವು. ಫ್ರಿಜ್ಜಿನಲ್ಲಿ ಒಂದು ಗಂಟೆ ಇಟ್ಟು ತೆಗೆದು ಮತ್ತೆ ನೋಡಿದೆ, ಆಗಲೂ ಮಿಣಮಿಣ. ಹುಣಸೂರು ರಸ್ತೆಯಲ್ಲಿ ಬಿಳಿಕೆರೆವರೆಗೆ ಓಡಿಸಿ ಬಂದ ಪ್ಲಾಂಟರ್ ನಾಲ್ಕು ಸಾವಿರ ಕೊಟ್ಟರು, ಜೊತೆಗೆ ಒಂದು ಕೆಜಿ ಕಾಫಿ ಪುಡಿ. ನೀವೇ ಹೇಳಿ, ಇದರಲ್ಲಿ ನಾನು ತಿದ್ದಿದ್ದು ಏನು? ಕಂಪನಿಯವರು ಬರೆದ ಒಂದು ಅಂಕಿಯನ್ನೂ ಮುಟ್ಟಿಲ್ಲ.

ಎಷ್ಟೋ ಸಲ ಪೆಟ್ಟಿಗೆಯದು ತಪ್ಪೇ ಇರುವುದಿಲ್ಲ. ಪೋರ್ಶೆ 944 ಇಟ್ಟುಕೊಂಡವರನ್ನು ಕೇಳಿ, ಎಂಜಿನ್ ಕಂಪ್ಯೂಟರಿಗೂ ಪೆಟ್ರೋಲ್ ಪಂಪಿಗೂ ಕರೆಂಟ್ ಕೊಡುವ ಡಿಎಂಇ ರಿಲೇ ಅಂತ ಒಂದು ಸಣ್ಣ ಚೌಕವನ್ನು ಎಕ್ಸ್‌ಟ್ರಾ ಇಟ್ಟುಕೊಂಡೇ ಓಡಾಡುತ್ತಾರೆ. ಒಳಗೆ ಬೆಸುಗೆ ಬಿರುಕು ಬಿಟ್ಟರೆ ಕಾರು ನಡುರಸ್ತೆಯಲ್ಲಿ ನಿಲ್ಲುತ್ತದೆ. ಮತ್ತೆ ಬೆಸೆದರೆ ಮುಗಿಯಿತು. ಇನ್ನು ಕೆಲವದರಲ್ಲಿ ಅರ್ಥ್ ವೈರಿಗೆ ತುಕ್ಕು, ಅಷ್ಟೇ.

ಹಾಗಂತ ನಾನು ಅಂಕಿ ಮುಟ್ಟುವುದೇ ಇಲ್ಲ ಅಂತಲ್ಲ. ಮುಟ್ಟುತ್ತೇನೆ. ಅದನ್ನು ಮುಚ್ಚಿಡಲು ಈ ಪತ್ರ ಬರೆಯುತ್ತಿಲ್ಲ.

ಮೊದಲು ಏನನ್ನು ಮುಟ್ಟಲ್ಲ ಅಂತ ಹೇಳಿಬಿಡುತ್ತೇನೆ. ತಿಂಗಳಿಗೆ ಇಬ್ಬರಾದರೂ ಹುಡುಗರು ಬರುತ್ತಾರೆ. "ಆಂಟಿ, ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಅಂತ ಪಟಾಕಿ ಸೌಂಡ್ ಬರಬೇಕು, ಮಾಡಿಕೊಡಿ." ಅದು ಬರುವುದು ಹೇಗೆ ಗೊತ್ತಾ? ಕಾಲು ತೆಗೆದ ಮೇಲೂ ಪೆಟ್ರೋಲ್ ಚಿಮ್ಮುತ್ತಿರಬೇಕು, ಕಿಡಿ ತಡವಾಗಿ ಹಾರಬೇಕು. ಆಗ ಪೆಟ್ರೋಲ್ ಎಂಜಿನ್ನಿನಲ್ಲಿ ಉರಿಯುವ ಬದಲು ಸೈಲೆನ್ಸರ್ ಪೈಪಿನಲ್ಲಿ ಉರಿಯುತ್ತದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಆ ಬಿಸಿಗೆ ಕರಗಿ ಕೂರುತ್ತದೆ. "ದೀಪಾವಳಿಗೆ ಪಟಾಕಿನೇ ತಗೋ ಮಗಾ, ಅಗ್ಗ ಆಗುತ್ತೆ" ಅಂತ ಕಳಿಸುತ್ತೇನೆ. ಆರ್‌ಪಿಎಂ ಅಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು, ಅದರ ಮಿತಿ ತೆಗೆದುಹಾಕಿ ಅನ್ನುವವರಿಗೂ ಇದೇ ಬಾಗಿಲು. ನಿಮ್ಮ ವರದಿಗಾರರು ಇಂಥದ್ದನ್ನು ಬರೆದಿದ್ದರೆ ಚಪ್ಪಾಳೆ ಹೊಡೆಯುತ್ತಿದ್ದೆ.

ಈಗ ಮುಟ್ಟಿದ್ದರ ಕಥೆ. ಕುವೆಂಪುನಗರದ ನಿವೃತ್ತ ಪ್ರೊಫೆಸರ್ ಒಬ್ಬರದು 1987ರ ಜರ್ಮನ್ ಕೂಪೆ, ಎರಡು ಬಾಗಿಲಿನ ಕಾರು. ಭಾನುವಾರ ಬೆಳಗ್ಗೆ ಚಾಮುಂಡಿ ಬೆಟ್ಟಕ್ಕೆ ಹೋಗಿ ಬರುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸ ಇಲ್ಲ. ಇತ್ತೀಚೆಗೆ ಬೆಟ್ಟ ಹತ್ತುವಾಗ ಎಂಜಿನ್ ಮುಗ್ಗರಿಸಲು ಶುರುವಾಯಿತು. ಉಷ್ಣದ ಮುಳ್ಳು ಮೇಲೆ ಹೋಗುತ್ತದೆ. ಪೆಟ್ಟಿಗೆ ತೆರೆದು ನೋಡಿದೆ, ಬೋರ್ಡು ಕನ್ನಡಿಯಂತಿದೆ. ಸೋರಿಕೆ ಇಲ್ಲ, ಬಿರುಕು ಇಲ್ಲ. ಕೆಟ್ಟಿದ್ದು ಕಾರಲ್ಲ, ಬದಲಾಗಿದ್ದು ಪೆಟ್ರೋಲು.

ಈಗ ಬಂಕಿನಲ್ಲಿ ಸಿಗುವುದು ಇ20. ನೂರಕ್ಕೆ 20 ಭಾಗ ಎಥನಾಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಅದಕ್ಕೆ ಚಾಲನೆ ಕೊಟ್ಟದ್ದು. ಒಂದು ಕೆಜಿ ಬರೀ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಕೆಜಿ ಗಾಳಿ ಬೇಕು. ಎಥನಾಲಿಗೆ 9 ಕೆಜಿ ಸಾಕು. ಅಂದರೆ ಅಷ್ಟೇ ಗಾಳಿಗೆ ಇ20 ಸ್ವಲ್ಪ ಜಾಸ್ತಿ ಸುರಿಯಬೇಕು, ನೂರಕ್ಕೆ 6ರಿಂದ 8ರಷ್ಟು. ಹೊಸ ಕಾರುಗಳ ಸೈಲೆನ್ಸರ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಅಂತ ಒಂದು ಮೂಗು ಇದೆ. ಹೊಗೆ ಮೂಸಿ ನೋಡಿ, ಕಮ್ಮಿಯಾಗಿದ್ದರೆ ಜಾಸ್ತಿ ಹಾಕು ಅಂತ ಪೆಟ್ಟಿಗೆಗೆ ಹೇಳುತ್ತದೆ. ಹಳೇ ಕಾರುಗಳಲ್ಲಿ ಮೂಗು ಇದ್ದರೂ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಪೆಟ್ಟಿಗೆ ಅದರ ಮಾತು ಕೇಳುವುದಿಲ್ಲ. ಪ್ರೊಫೆಸರ್ ಕಾರಿಗಂತೂ ಮೂಗೇ ಇಲ್ಲ. ಯುರೋಪಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಎಲ್ಲಾ ಕಡೆ ಕಡ್ಡಾಯದಂತಾದದ್ದು 1993ರ ಹೊತ್ತಿಗೆ. ಅದಕ್ಕೆ ಮುಂಚಿನ ಎಷ್ಟೋ ಕಾರುಗಳು ಹೀಗೇ. ಎಥನಾಲ್ ಬಂದದ್ದು ಆ ಪೆಟ್ಟಿಗೆಗೆ ಗೊತ್ತೇ ಇಲ್ಲ. ಅದು 1987ರ ಲೆಕ್ಕದಲ್ಲೇ ಸುರಿಯುತ್ತಿದೆ. ಬೆಟ್ಟ ಹತ್ತುವಾಗ ಎಂಜಿನ್ನಿಗೆ ಅರೆಹೊಟ್ಟೆ.

ತಪ್ಪು ತಿಳಿಯಬೇಡಿ, ನಾನು ಎಥನಾಲಿನ ವಿರೋಧಿ ಅಲ್ಲ. ನಾನು ಮಂಡ್ಯ ಜಿಲ್ಲೆಯ ಹೆಣ್ಣು. 1933ರಲ್ಲಿ ಮಂಡ್ಯದಲ್ಲಿ ಶುರುವಾದ ಸಕ್ಕರೆ ಕಾರ್ಖಾನೆಗೆ ನಮ್ಮಜ್ಜ ಎತ್ತಿನ ಗಾಡಿಯಲ್ಲಿ ಕಬ್ಬು ಹೊಡೆದವರು. ತಮ್ಮ ಈಗಲೂ ಬೆಳೆಯುತ್ತಾನೆ. ಕಬ್ಬಿನಿಂದ ನಾಲ್ಕು ಕಾಸು ಜಾಸ್ತಿ ಬಂದರೆ ನಮ್ಮ ಮನೆಗೇ ಬರುವುದು. ಆದರೆ ಕಬ್ಬು ಎಂಜಿನ್ನಿಗೆ ಹೋಗುವುದಾದರೆ ಎಂಜಿನ್ನಿಗೂ ಒಂದು ಮಾತು ಹೇಳಬೇಕು ಅಲ್ವಾ?

ಹೇಳುವುದು ಹೇಗೆ? ಆ ಪೆಟ್ಟಿಗೆಯೊಳಗೆ ಇಪ್ರಾಮ್ ಅನ್ನುವ ಚಿಪ್ ಇದೆ. 27ಸಿ256 ಅಂತ ಅದರ ಜಾತಿ. ಅದರಲ್ಲಿ 32,768 ಅಂಕಿ ಹಿಡಿಯುತ್ತವೆ. ಒಂದು ಭಾಗ ಪೆಟ್ಟಿಗೆ ನಡೆಸುವ ಪ್ರೋಗ್ರಾಮ್, ಇನ್ನೊಂದು ಭಾಗ ಮಗ್ಗಿ ಪುಸ್ತಕದ ಹಾಗೆ ಕೋಷ್ಟಕಗಳು. ಅಡ್ಡಕ್ಕೆ ಆರ್‌ಪಿಎಂ, ಉದ್ದಕ್ಕೆ ಲೋಡು ಅಂದರೆ ಎಂಜಿನ್ ಮೇಲೆ ಬೀಳುವ ಭಾರ, ಎರಡೂ ಸೇರುವ ಮನೆಯಲ್ಲಿ ಎಷ್ಟು ಪೆಟ್ರೋಲ್ ಅಂತ ಒಂದು ಅಂಕಿ. ಚಿಪ್ಪಿನ ನೆತ್ತಿಯ ಮೇಲೆ ಪುಟ್ಟ ಗಾಜಿನ ಕಿಟಕಿ ಇರುತ್ತದೆ. ಅಳಿಸಬೇಕಾದರೆ ಅದರ ಮೂಲಕ ಅಲ್ಟ್ರಾವಯೊಲೆಟ್ ಬೆಳಕು ಬಿಡಬೇಕು. ಆ ಕಿಟಕಿಯ ಮೇಲೆ ಸ್ಟಿಕ್ಕರ್ ಇರಲೇಬೇಕು. ನೇರ ಬಿಸಿಲಿಗೆ ವಾರದ ಹೊತ್ತು ಇಟ್ಟರೆ ಎಲ್ಲಾ ಅಳಿಸಿಹೋಗಬಹುದು. ಪ್ರೊಫೆಸರ್ ಕಾರಿನದ್ದರಲ್ಲಿ ಸ್ಟಿಕ್ಕರಿನ ಅಂಟು ಒಣಗಿ ಉದುರಿತ್ತು. ಪುಣ್ಯಕ್ಕೆ ಪೆಟ್ಟಿಗೆಯ ಮುಚ್ಚಳ ಗಟ್ಟಿಯಾಗಿತ್ತು.

ನನ್ನ ಮೊದಲ ಕೆಲಸ ಯಾವಾಗಲೂ ಓದಿ ಉಳಿಸಿಕೊಳ್ಳುವುದು. ಎರಡು ಸಲ ಓದಿ, ಎರಡೂ ಒಂದೇ ಇದೆಯಾ ನೋಡಿ, ಮೂರು ಕಡೆ ಕಾಪಿ ಇಡುತ್ತೇನೆ. ಆ ಅಂಕಿ ಹೋದರೆ ಮತ್ತೆ ಎಲ್ಲಿಂದ ತರುವುದು? ಆಮೇಲೆ ಪೆಟ್ರೋಲಿನ ಕೋಷ್ಟಕದಲ್ಲಿ ಮನೆ ಮನೆ ಲೆಕ್ಕ ಮಾಡಿ ಏರಿಸಿ, ಹೊಸ ಚಿಪ್ಪಿಗೆ ಬರೆದು ಕೂರಿಸಿದೆ. ಕಿಡಿಯ ಕೋಷ್ಟಕ ಮುಟ್ಟಲಿಲ್ಲ. ಮುಟ್ಟುವ ಅಗತ್ಯವೂ ಇಲ್ಲ, ಎಥನಾಲಿನ ಆಕ್ಟೇನ್, ಅಂದರೆ ಹೊತ್ತಿಗೆ ಮುಂಚೆ ತಾನಾಗಿ ಹತ್ತಿಕೊಳ್ಳದ ಗುಣ, ಜಾಸ್ತಿಯೇ ಇದೆ.

ಬೆಳಗ್ಗೆ ಆರಕ್ಕೆ ಉತ್ತನಹಳ್ಳಿ ಕಡೆಯಿಂದ ಬೆಟ್ಟ ಹತ್ತಿದೆವು. ಮೂರನೇ ಗೇರು, ಮಂಜು ಇನ್ನೂ ರಸ್ತೆ ಮೇಲೇ ಇತ್ತು. ಸೈಲೆನ್ಸರ್ ತುದಿಗೆ ನನ್ನ ಸೆನ್ಸರ್ ಕಟ್ಟಿ, ಮೀಟರ್ ತೊಡೆ ಮೇಲಿಟ್ಟುಕೊಂಡಿದ್ದೆ. ಈ ಮೀಟರಿನಲ್ಲಿ 1 ಅಂದರೆ ಗಾಳಿ, ಪೆಟ್ರೋಲ್ ಲೆಕ್ಕಕ್ಕೆ ಸರಿ. ಏರು ಹತ್ತುವಾಗ 1ಕ್ಕಿಂತ ಚೆನ್ನಾಗಿ ಕೆಳಗಿರಬೇಕು, ಎಂಜಿನ್ ತಣ್ಣಗಿರಲು ಸ್ವಲ್ಪ ಜಾಸ್ತಿ ಪೆಟ್ರೋಲ್ ಬೇಕು. ಹಳೇ ಚಿಪ್ಪಿನಲ್ಲಿ 0.95 ತೋರಿಸುತ್ತಿತ್ತು. ಹೊಸದರಲ್ಲಿ 0.88ಕ್ಕೆ ಬಂದು ನಿಂತಿತು. ಮುಗ್ಗರಿಸಲಿಲ್ಲ. ಪ್ರೊಫೆಸರ್ ಮಾತೇ ಆಡಲಿಲ್ಲ, ಕಿವಿಯೆಲ್ಲ ಎಂಜಿನ್ ಕಡೆ. ಇಳಿದ ಮೇಲೆ ಹೊಗೆ ತಪಾಸಣೆಗೂ ಹೋದೆವು. ಆ ಕಾಲದ ಕಾರಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ ನೂರಕ್ಕೆ 3. ಇದರದ್ದು 1.2 ಬಂತು. ಶಕ್ತಿ ಜಾಸ್ತಿ ಆಗಿಲ್ಲ, ಸದ್ದು ಜಾಸ್ತಿ ಆಗಿಲ್ಲ. ಕಾರು 1987ರಲ್ಲಿ ಹೇಗಿತ್ತೋ ಹಾಗೆ ಓಡುತ್ತಿದೆ, ಅಷ್ಟೇ. ಹಳೇ ಚಿಪ್ ತಾರೀಖು ಬರೆದ ಡಬ್ಬಿಯಲ್ಲಿ ಕಾರಿನೊಳಗೇ ಇದೆ. ಬೇಕೆಂದರೆ ಐದು ನಿಮಿಷದಲ್ಲಿ ವಾಪಸ್ ಹಾಕಬಹುದು.

ಇದು ರಿಪೇರಿಯೋ ಮಾಡಿಫಿಕೇಶನ್ನೋ? ನನ್ನ ಪ್ರಶ್ನೆ ಅದೇ.

ಕಾನೂನು ನನಗೆ ಗೊತ್ತಿಲ್ಲದೇ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ನಿಗದಿ ಮಾಡಿದ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ಸರಿಯೇ. ಬಸ್ಸಿನ ಚಾಸಿ ಉದ್ದ ಮಾಡುವವರಿಗೆ, ಬೇರೆ ಎಂಜಿನ್ ಕೂರಿಸುವವರಿಗೆ ಇದು ಬೇಕು. ನಾನು ವಕೀಲಳಲ್ಲ, ಆದರೆ ಆರ್‌ಸಿ ಪುಸ್ತಕ ಓದಲು ಬರುತ್ತದೆ. ಅದರಲ್ಲಿ ಎಂಜಿನ್ ನಂಬರ್ ಇದೆ, ಸಿಸಿ ಇದೆ, ಸೀಟು ಎಷ್ಟು ಅಂತಿದೆ, ಇಂಧನ ಯಾವುದು ಅಂತಿದೆ. ಚಿಪ್ಪಿನ ಒಳಗಿನ ಮಗ್ಗಿ ಇಲ್ಲ.

ನಮ್ಮ ಅಪ್ಪನ ಸ್ನೇಹಿತರೊಬ್ಬರದ್ದು ಪ್ರೀಮಿಯರ್ ಪದ್ಮಿನಿ ಇತ್ತು. ಅಗ್ರಹಾರದ ಹತ್ತಿರ ಒಬ್ಬ ಮೆಕ್ಯಾನಿಕ್ ಬಾಯಲ್ಲಿ ಬೀಡಿ ಕಚ್ಚಿಕೊಂಡೇ ಗಾಳಿ ಪೆಟ್ರೋಲ್ ಬೆರೆಸುವ ಕಾರ್ಬೊರೇಟರ್ ಬಿಚ್ಚಿ, ಪೆಟ್ರೋಲ್ ಹರಿಯುವ ಸಣ್ಣ ತೂತಿನ ಹಿತ್ತಾಳೆಯ ಜೆಟ್ ಬದಲಿಸಿ, ಸ್ಕ್ರೂ ಅರ್ಧ ಸುತ್ತು ತಿರುಗಿಸಿ, "ಈಗ ಹೋಗಿ ಸ್ವಾಮಿ" ಅನ್ನುತ್ತಿದ್ದ. ಅವನು ಬದಲಿಸಿದ್ದೂ ಅದೇ, ಗಾಳಿ ಪೆಟ್ರೋಲಿನ ಲೆಕ್ಕ. ಊರೆಲ್ಲ ಅವನನ್ನು ಟ್ಯೂನಿಂಗ್ ಮಾಸ್ಟರ್ ಅಂತ ಕರೆಯಿತು. ಅವನ ಹತ್ತಿರ ಮೀಟರೂ ಇರಲಿಲ್ಲ, ಹಳೇ ಲೆಕ್ಕದ ಕಾಪಿಯೂ ಇರಲಿಲ್ಲ. ನಾನು ಎರಡೂ ಇಟ್ಟುಕೊಂಡು ಅದೇ ಕೆಲಸ ಮಾಡಿದರೆ ನಂಬರ್ ಪ್ಲೇಟ್ ಮಡಚಿದವರ ಪಕ್ಕದಲ್ಲಿ ನಿಲ್ಲಬೇಕು.

ಆರ್‌ಟಿಒ ಅಧಿಕಾರಿಗಳು ನಿಮ್ಮ ಪತ್ರಿಕೆ ಓದುತ್ತಾರೆ ಅಂತ ಗೊತ್ತು. ಅವರನ್ನು ಕೇಳಿ ಬರೆಯಿರಿ: ಇ20ಗಾಗಿ ಹಳೇ ಕಾರಿನ ಪೆಟ್ರೋಲ್ ಕೋಷ್ಟಕ ಸರಿಪಡಿಸಿದರೆ, ಹೊಗೆ ಮಿತಿಯೊಳಗೇ ಇದ್ದರೆ, ಅದಕ್ಕೆ ಅನುಮತಿ ಬೇಕಾ ಬೇಡವಾ? ಬೇಕು ಅಂದರೆ ಯಾವ ಫಾರಂ, ಯಾವ ಕೌಂಟರ್? ನಾನು ಮೊದಲನೆಯವಳಾಗಿ ಸಾಲಿನಲ್ಲಿ ನಿಲ್ಲುತ್ತೇನೆ. ಹಳೇ ಚಿಪ್, ಹೊಸ ಚಿಪ್, ಎರಡರ ಪ್ರಿಂಟೂ ತರುತ್ತೇನೆ. ಒಂದು ಸಲ ಕೌಂಟರಿನಲ್ಲಿ ಬಾಯಿಮಾತಿಗೆ ವಿಚಾರಿಸಿದ್ದೆ. "ಇಸಿಯು ಅಂದ್ರೆ ಎಂಥದ್ದು ಮೇಡಂ, ಐಸಿಯು ತರಾನಾ?" ಅಂದರು. ಬೇಜಾರಾಗಲಿಲ್ಲ, ನಗು ಬಂತು. ಒಂದು ಲೆಕ್ಕಕ್ಕೆ ನಿಜವೂ ಹೌದು.

ಪಾಲಿಟೆಕ್ನಿಕ್ ಹುಡುಗರು ಪ್ರಾಜೆಕ್ಟ್ ಅಂತ ಆಗಾಗ ಬರುತ್ತಾರೆ. ಬುದ್ಧಿವಂತರು. ಲ್ಯಾಪ್‌ಟಾಪಿನಲ್ಲಿ ಏನು ಬೇಕಾದರೂ ಮಾಡುತ್ತಾರೆ, ಆದರೆ ಬೆಸುಗೆ ಹಾಕಲು ಹೇಳಿದರೆ ಬೋರ್ಡು ಸುಡುತ್ತಾರೆ. ಹೋದ ವರ್ಷ ಬಂದ ಒಬ್ಬಳು ಮಾತ್ರ, ಮಳವಳ್ಳಿ ಕಡೆಯವಳು, ಒಂದು ವಾರದಲ್ಲಿ ನನಗಿಂತ ಚೆನ್ನಾಗಿ ಗೆರೆ ಬೆಸೆದಳು. ಈಗ ಶನಿವಾರ ಬಂದು ಕೂರುತ್ತಾಳೆ. ಅವಳ ಕಣ್ಣಿಗೆ ಭೂತಗನ್ನಡಿಯೂ ಬೇಡ.

ನನ್ನ ಹೆಸರು ಹಾಕಬೇಡಿ. ಬೆಂಚಿನ ಮೇಲೆ ಈಗಾಗಲೇ ಆರು ಪೆಟ್ಟಿಗೆ ಕಾಯುತ್ತಿವೆ, ಏಳನೆಯದಕ್ಕೆ ಜಾಗ ಇಲ್ಲ. ಆದರೆ ಹಳೇ ಕಾರು ಇಟ್ಟುಕೊಂಡ ನಿಮ್ಮ ಓದುಗರಿಗೆ ಇಷ್ಟು ತಿಳಿಸಿ. ಕಂಪ್ಯೂಟರ್ ಹೋಗಿದೆ ಅಂತ ಯಾರಾದರೂ ಅಂದರೆ, ಮುಚ್ಚಳ ತೆಗೆದು ನೋಡಿದಿರಾ ಅಂತ ಕೇಳಿ. ಪೆಟ್ಟಿಗೆ ಬಿಚ್ಚುವ ಮುಂಚೆ ಬ್ಯಾಟರಿ ವೈರ್ ತೆಗೆಯಿರಿ. ಯಾರ ಹತ್ತಿರ ಒಯ್ದರೂ ಪ್ಲಾಸ್ಟಿಕ್ ಕವರಿನಲ್ಲಿ ಒಯ್ಯಬೇಡಿ, ಸ್ಟ್ಯಾಟಿಕ್ ಕರೆಂಟಿಗೆ ಚಿಪ್ ಸಾಯುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ. ಬಟ್ಟೆ ಇಲ್ಲದಿದ್ದರೆ ಹಳೇ ಪೇಪರ್ ಆದರೂ ಸರಿ, ನಿಮ್ಮದೇ ಪತ್ರಿಕೆ ನಡೆಯುತ್ತದೆ. ಹೋದ ವಾರದ ಮೈಸೂರು ಪುಟ ನನ್ನ ಹತ್ತಿರ ಇನ್ನೂ ಇದೆ, ಅದರಲ್ಲೇ ಒಂದು ಲ್ಯಾನ್ಸರ್ ಪೆಟ್ಟಿಗೆ ಸುತ್ತಿಟ್ಟಿದ್ದೇನೆ.

ಇಂತಿ,
ನಿಮ್ಮ ಓದುಗಳು
ಸರಸ್ವತಿಪುರಂ, ಮೈಸೂರು